ತಾರಸಿಯ ಟ್ಯಾಂಕಿಗೆ ಅಜೀರ್ಣ

ಬೆಳಿಗ್ಗೆ ಆರು ಗಂಟೆಗೆ ನಮ್ಮ ಹೋಟೆಲಿನ ಕಾವಲಿಯಿಂದ ಏಳುವ ಮೊದಲ ದೋಸೆ ಗಿರಾಕಿಗೆ ಸೇರಿದ್ದಲ್ಲ, ಗಲ್ಲಿಯ ಹಸುವಿಗೆ ಸೇರಿದ್ದು. ನಾನು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮೂರು ಮಹಡಿ ಇಳಿದು, ಎದುರು ಸಾಲಿನಲ್ಲಿರುವ ಹೋಟೆಲಿಗೆ ಹೋಗಿ, ಆ ದೋಸೆಯನ್ನು ಹಸುವಿನ ಬಾಯಿಗೆ ಕೊಟ್ಟ ಮೇಲೆಯೇ ನನ್ನ ಬಾಯಿಗೆ ಕಾಫಿ. ಕರೋಲ್ ಬಾಗ್‌ಗೆ ಬಂದ ಹದಿನೇಳು ವರ್ಷಗಳಲ್ಲಿ ಹಸುಗಳು ಬದಲಾಗಿವೆ, ದೋಸೆ ಒಂದು ದಿನವೂ ತಪ್ಪಿಲ್ಲ. ಜನವರಿಯ ಮಂಜಿನಲ್ಲಿ ಏನೂ ಕಾಣದೆ, "ಬಾರಮ್ಮಾ" ಎನ್ನುತ್ತಾ ನಿಲ್ಲಿಸಿದ್ದ ಸ್ಕೂಟರೊಂದಕ್ಕೆ ದೋಸೆ ಹಿಡಿದದ್ದೂ ಉಂಟು.

ಹೀಗೆ ಉಣಿಸುವುದರಲ್ಲಿ ಪಳಗಿದ ಕೈ ನನ್ನದು. ಆ ಧೈರ್ಯದ ಮೇಲೆಯೇ ೨೦೦೭ರ ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ನನ್ನ ಯಜಮಾನರಾದ ಏಕನಾಥರ ಮುಂದೆ ಘೋಷಣೆ ಹೊರಡಿಸಿದೆ.

"ಇನ್ನು ಮೇಲೆ ನಮ್ಮ ಹೋಟೆಲಿನ ಕಸದಿಂದ ನಮ್ಮ ಮನೆಯ ಒಲೆ ಉರಿಯುತ್ತೆ."

ಅವರು ಸಾರಿನಲ್ಲಿದ್ದ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. "ಇಲ್ಲೀವರೆಗೆ ಹೊಟ್ಟೆ ಉರೀತಿರೋದು ಸಾಲದಾ?"

ಈ ವಿಚಾರ ನನ್ನ ತಲೆಗೆ ಬಂದದ್ದು ಧಾರಿಣಿಯಿಂದ. ದಾವಣಗೆರೆಯ ಹುಡುಗಿ. ದಿಲ್ಲಿಯ ಒಂದು ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಭಾನುವಾರ ಮೆಟ್ರೋ ಹತ್ತಿ ನಮ್ಮ ಹೋಟೆಲಿಗೆ ಬಂದು, ಅರ್ಧ ಪ್ಲೇಟು ಮೊಸರನ್ನ ತಿಂದು, ಎರಡು ಗಂಟೆ ಮಾತಾಡಿ ಹೋಗುವುದು ಅವಳ ರೂಢಿ. ಕೇಳುವುದು ನನ್ನ ರೂಢಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹಿಂದಿಯನ್ನು ತರಕಾರಿ ಭಯ್ಯಾನಿಂದ ಕೇಳಿ ಕಲಿತೆ, ಇಂಗ್ಲಿಷನ್ನು ಮಗಳು ಶ್ರಾವ್ಯಾ ಪಾಠ ಒಪ್ಪಿಸುವಾಗ ಕೇಳಿ ಕಲಿತೆ, ವಿಜ್ಞಾನವನ್ನು ಧಾರಿಣಿಯಿಂದ.

ಅವಳು ಹೇಳಿದ್ದು ಇಷ್ಟು. ಊರಿನ ಕಸದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅಡಿಗೆಮನೆಯದೇ. ಅದನ್ನೆಲ್ಲ ಲಾರಿಯಲ್ಲಿ ಹೊತ್ತು ಊರಾಚೆ ಗುಡ್ಡ ಹಾಕುತ್ತಾರೆ. ಅದೇ ಕಸವನ್ನು ಗಾಳಿಯಾಡದ ಟ್ಯಾಂಕಿಗೆ ಹಾಕಿದರೆ, ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಒಲೆ ಉರಿಸುವ ಗ್ಯಾಸ್ ಕೊಡುತ್ತವೆ. ಉಳಿದ ನೀರು ಗಿಡಗಳಿಗೆ ಗೊಬ್ಬರ. ಇಂಥ ನಾಲ್ಕು ಟ್ಯಾಂಕುಗಳನ್ನು ಅವಳು ಮಾಡಿಸಿದ್ದಳು.

"ಮೂರು ಮನೇಲಿ ಫೇಲ್ ಆಯ್ತು ಆಂಟಿ," ಎಂದಳು ಒಂದು ಭಾನುವಾರ. ಮೊಸರನ್ನ ಮುಟ್ಟಿರಲಿಲ್ಲ. "ನಾಲ್ಕನೇದೂ ಹೋದ್ರೆ ಪ್ರಾಜೆಕ್ಟ್ ಕ್ಲೋಸ್ ಅಂತ ಸರ್ ಹೇಳಿದ್ದಾರೆ. ಎರಡು ವರ್ಷದ ಕೆಲಸ. ಇನ್ನೊಂದು ವಿಷಯ ಹುಡುಕಿ ಮೊದಲಿಂದ ಶುರು ಮಾಡ್ಬೇಕು."

"ಆ ನಾಲ್ಕನೇ ಟ್ಯಾಂಕು ಎಲ್ಲಿದೆ?"

"ಹಾಸ್ಟೆಲಿನ ಸೈಕಲ್ ಸ್ಟ್ಯಾಂಡಲ್ಲಿ. ಯಾರೂ ಇಟ್ಕೊಳ್ತಿಲ್ಲ."

"ನಮ್ಮ ತಾರಸಿಗೆ ತಂದುಬಿಡು," ಎಂದೆ. ಪ್ರಪಂಚದ ಅರ್ಧ ಕಸವನ್ನು ನಾನೇ ಕರಗಿಸುವವಳ ಗತ್ತು ಆ ಮಾತಿನಲ್ಲಿತ್ತು.

ತಾರಸಿ ನಮ್ಮದಲ್ಲ, ಕೆಳಮನೆಯ ಬೀಜಿಯದು. ಬೀಜಿ ಎಂದರೆ ನಮ್ಮ ಮನೆಯೊಡತಿ. ಎಪ್ಪತ್ತು ದಾಟಿದ ಪಂಜಾಬಿ ಅಜ್ಜಿ, ದನಿಗೆ ಮಾತ್ರ ಇಪ್ಪತ್ತು. ನೆಲಮಹಡಿಯ ಅಂಗಳದಲ್ಲಿ ಮಂಚ ಹಾಕಿ ಕೂತರೆ ಗಲ್ಲಿಯ ಎರಡೂ ತುದಿಗೆ ಸುದ್ದಿ ತಲುಪುತ್ತದೆ.

"ಛತ್ ಪೇ ಗೋಬರ್? ಚಂದ್ರಪ್ರಭಾ, ತೇರಾ ದಿಮಾಗ್ ಠೀಕ್ ಹೈ?" ಎಂದು ನನ್ನ ತಲೆಯ ಆರೋಗ್ಯ ವಿಚಾರಿಸಿದರು.

ಸಗಣಿ ಮೊದಲ ದಿನಕ್ಕೆ ಮಾತ್ರ, ಆ ಜೀವಿಗಳು ಅದರಲ್ಲೇ ಇರುತ್ತವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದು ನನ್ನ ಹಿಂದಿಯಲ್ಲಿ ವಿವರಿಸಿದೆ. ಬೀಜಿ ಮೂರು ರವೆ ಇಡ್ಲಿ ಮುಗಿಯುವವರೆಗೆ ಯೋಚಿಸಿ, ಒಂದು ಷರತ್ತು ಹಾಕಿದರು. ತಮ್ಮ ಅಂಗಳಕ್ಕೆ ಒಂದು ತೊಟ್ಟು ಬಿದ್ದರೂ ಟ್ಯಾಂಕು ಗುಜರಿ ಕೊಳ್ಳುವ ಕಬಾಡಿಯವನ ಗಾಡಿಗೆ.

ಸಗಣಿಯನ್ನು ಗಲ್ಲಿಯ ಹಸುವೇ ಒದಗಿಸಿತು. ಇಷ್ಟು ವರ್ಷ ತಿಂದ ದೋಸೆಗಳ ಋಣವನ್ನು ಅದು ನಾಲ್ಕೇ ದಿನದಲ್ಲಿ ತೀರಿಸಿದ ರೀತಿ ಕಂಡು ನನ್ನ ಮನಸ್ಸು ತುಂಬಿ ಬಂತು. ಹೊರಗೆ ಒಂದು ದೊಡ್ಡ ಕಪ್ಪು ಟ್ಯಾಂಕು, ಅದರೊಳಗೆ ಬೋರಲು ಹಾಕಿದ ಸ್ವಲ್ಪ ಸಣ್ಣ ಟ್ಯಾಂಕು. ಗ್ಯಾಸ್ ತುಂಬಿದರೆ ಒಳಗಿನದು ಮೇಲೇಳುತ್ತದೆ, ಖರ್ಚಾದರೆ ಕೆಳಗಿಳಿಯುತ್ತದೆ. ಪಕ್ಕದಲ್ಲಿ ಉಣಿಸುವ ಬಾಯಿ, ಮೊರದಗಲ. ಒಳಟ್ಯಾಂಕಿನ ನೆತ್ತಿಯಿಂದ ಒಂದು ಹಸಿರು ಪೈಪು ನಮ್ಮ ಅಡಿಗೆಮನೆಯ ಒಲೆಗೆ.

"ದಿನಕ್ಕೆ ಒಂದು ಮಗ್ ಆಂಟಿ," ಎಂದಳು ಧಾರಿಣಿ.

"ಒಂದು ಮಗ್ ಏನಕ್ಕೆ?"

"ಊಟ. ಉಳಿದ ಅನ್ನ, ಚಟ್ನಿ, ಸಿಪ್ಪೆ, ಎಲ್ಲಾ ಸೇರಿ. ಒಂದೇ ಮಗ್."

"ಬೆಳಿಗ್ಗೆಗೆ?"

"ಇಡೀ ದಿನಕ್ಕೆ."

ಇಷ್ಟು ದೊಡ್ಡ ಶರೀರಕ್ಕೆ ಒಂದು ಮಗ್. ಅವಳು ನನ್ನ ಮುಖ ಓದಿರಬೇಕು. ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ "ದಿನಕ್ಕೆ ಒಂದೇ ಮಗ್" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಹೋದಳು.

ಇಪ್ಪತ್ತನೆಯ ದಿನ ಒಲೆಯಲ್ಲಿ ನೀಲಿ ಬೆಂಕಿ ಬಂತು. ನಾನು ಒಲೆಗೆ ಕುಂಕುಮ ಹಚ್ಚಿ, ಮೊದಲು ದೇವರ ನೈವೇದ್ಯಕ್ಕೆ ಹಾಲು ಕಾಯಿಸಲು ಇಟ್ಟೆ. ಏಕನಾಥರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಗಿರಾಕಿಗಳ ಎಂಜಲಲ್ಲಿ ಹುಟ್ಟಿದ ಬೆಂಕಿ ಅದು. ದೇವರಿಗೆ ನಡೆಯುತ್ತಾ?"

"ಬೆಂಕಿಗೆ ಎಂಜಲೆಲ್ಲಿಂದ ಬಂತು? ಇಷ್ಟು ವರ್ಷ ಸಿಲಿಂಡರ್ ಯಾವ ಮಡೀಲಿ ಬರ್ತಿತ್ತು ಅಂತ ದೇವರು ಕೇಳಿದ್ನಾ?"

ಅವರು ದೇವರ ಕಡೆ ನೋಡಿದರು. ಆಕ್ಷೇಪಣೆ ಕಾಣಲಿಲ್ಲ. ಹಾಲು ಉಕ್ಕಿತು.

ಎರಡೂವರೆ ತಿಂಗಳು ಎಲ್ಲ ಸುಸೂತ್ರ. ದಿನಾ ಇಪ್ಪತ್ತೈದು ನಿಮಿಷದ ಬೆಂಕಿ. ಹಾಲು, ಡಿಕಾಕ್ಷನ್, ಒಂದು ಪಾತ್ರೆ ಅನ್ನ. ಟ್ಯಾಂಕಿನ ನೀರು ಕುಡಿದು ತಾರಸಿಯ ಕರಿಬೇವು ಬೀಜಿಗಿಂತ ಎತ್ತರ ಬೆಳೆಯಿತು. ಆದರೆ ನನ್ನ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಹೋಟೆಲಿನವರ ಮನೆಯಲ್ಲಿ ಎಲೆಗೆ ಅಳೆದು ಬಡಿಸುವುದು ಎಂದರೇನು? ನಮ್ಮಲ್ಲಿ ಸಾಕು ಎಂದವರಿಗೆ ಇನ್ನೊಂದು ಬಡಿಸಿ, ಅಯ್ಯೋ ಸಾಕು ಎಂದವರಿಗೆ ಅರ್ಧ ಬಡಿಸಿ, ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ತುಪ್ಪ ಬಿಡುವುದು ಮರ್ಯಾದೆ. ಸಂಜೆ ಒಳಟ್ಯಾಂಕು ಇಳಿದು ಕೂತಿದ್ದರೆ ಹಸಿದ ಮಗುವಿನ ಹೊಟ್ಟೆಯಂತೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತು, "ನಾಳೆ ಬೆಳಿಗ್ಗೆವರೆಗೆ ತಡ್ಕೊ," ಎನ್ನುತ್ತಿದ್ದೆ.

"ಪಪ್ಪಾ, ಮಮ್ಮಿ ಫಿರ್ ಸೇ ಟಂಕಿ ಜೊತೆ ಮಾತಾಡ್ತಿದ್ದಾಳೆ," ಎಂದು ಶ್ರಾವ್ಯಾ ಮೆಟ್ಟಿಲಿನಿಂದಲೇ ವರದಿ ಒಪ್ಪಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಧಾರಿಣಿ ಓಡೋಡಿ ಬಂದಳು. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಅವಳ ಪ್ರೊಫೆಸರ್ ಈಶ್ವರಪ್ಪನವರು ಟ್ಯಾಂಕು ನೋಡಲು ಬರುತ್ತಾರೆ. ಒಲೆ ಉರಿದರೆ ಪ್ರಾಜೆಕ್ಟು ಉಳಿಯುತ್ತದೆ. ಇಲ್ಲದಿದ್ದರೆ ಅವತ್ತಿಗೇ ಮುಗಿಯುತ್ತದೆ.

"ಒಂದು ಟೀ ಮಾಡಿ ತೋರಿಸಿ ಆಂಟಿ, ಅಷ್ಟು ಸಾಕು."

"ಟೀನಾ? ಅಷ್ಟು ದೂರದಿಂದ ಬರೋರಿಗೆ? ಗಸಗಸೆ ಪಾಯಸ, ಚಿತ್ರಾನ್ನ, ಎರಡು ಥರ ಪಲ್ಯ. ಎಲ್ಲಾ ಟ್ಯಾಂಕಿನ ಗ್ಯಾಸಲ್ಲೇ. ಒಂದು ಹದಿನೈದು ಜನ ಕನ್ನಡದವರನ್ನೂ ಕರೀತೀನಿ, ಅವರೂ ನೋಡ್ಲಿ."

"ಆಂಟಿ, ಇಪ್ಪತ್ತೈದು ನಿಮಿಷ ಮಾತ್ರ ಉರಿಯೋದು."

"ಅದೆಲ್ಲ ನನಗೆ ಬಿಡು."

ಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ಶುಕ್ರವಾರ ಕರೋಲ್ ಬಾಗ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ. ಮಳೆ ಬಿಟ್ಟ ಸೆಕೆ ಬೇರೆ. ಹೋಟೆಲಿನ ಫ್ರಿಜ್ಜಿನಲ್ಲಿದ್ದ ದೋಸೆಹಿಟ್ಟು ಹುಳಿಬಂದು, ಉಕ್ಕಿ, ಮುಚ್ಚಳವನ್ನು ತಾನೇ ಎತ್ತಿಕೊಂಡು ಹೊರಗೆ ನೋಡುತ್ತಿತ್ತು. ನಮ್ಮ ಅಡಿಗೆಯ ತುಕ್ರ ಎರಡು ಬಕೆಟ್ ಹಿಟ್ಟನ್ನು ಮೋರಿಯ ಹತ್ತಿರ ಇಟ್ಟು ನನ್ನ ಮುಖ ನೋಡಿದ.

"ಅಕ್ಕ, ಇದರ ದೋಸೆ ಕೊಟ್ರೆ ಗಿರಾಕಿ ನನ್ನನ್ನೇ ಕಾವಲಿ ಮೇಲೆ ಹಾಕ್ತಾನೆ. ಚೆಲ್ಲಲಾ?"

ಅಕ್ಕಿ, ಉದ್ದು, ರುಬ್ಬಿದವನ ಶ್ರಮ. ಅನ್ನವನ್ನು ಮೋರಿಗೆ ಚೆಲ್ಲಿದ ಪಾಪ ನನಗೆ ಬೇಡ ಎಂದುಕೊಂಡೆ. ಆಗಲೇ ನನ್ನ ಸ್ವಂತ ವಿಜ್ಞಾನ ಜಾಗೃತವಾಯಿತು. ಟ್ಯಾಂಕಿನಲ್ಲಿ ನಡೆಯುವುದೇನು? ಹುದುಗುವುದು. ಈ ಹಿಟ್ಟು ಆಗಲೇ ಹುದುಗಿದೆ. ಅಂದರೆ ಅರ್ಧ ಕೆಲಸ ಮುಗಿದಿದೆ. ಟ್ಯಾಂಕಿನ ಜೀವಿಗಳಿಗೆ ಜಗಿಯುವ ಶ್ರಮವೂ ಇಲ್ಲ, ನುಂಗಿದರೆ ಸಾಕು. ಹದಿನೇಳು ವರ್ಷ ಹಿಟ್ಟು ಉಬ್ಬಿಸಿದವಳಿಗೆ ಉಬ್ಬುವುದನ್ನು ಯಾರು ಹೇಳಿಕೊಡಬೇಕು?

"ಮೇಲಕ್ಕೆ ತಗೊಂಡು ಬಾ," ಎಂದೆ.

ಒಂದು ಬಕೆಟನ್ನು ಶುಕ್ರವಾರ ಸಂಜೆ ಉಣಿಸಿದೆ. "ಒಂದೇ ಮಗ್" ಎಂಬ ಬರಹದ ಮೇಲೆ ನನ್ನ ಸೆರಗು ಅದಾಗಿಯೇ ಬಿದ್ದಿತ್ತು. ಶನಿವಾರ ಬೆಳಿಗ್ಗೆ ನೋಡುತ್ತೇನೆ, ಒಳಟ್ಯಾಂಕು ಹಿಂದೆಂದೂ ಏಳದಷ್ಟು ಎತ್ತರಕ್ಕೆ ಎದ್ದು ನಿಂತಿದೆ. ಗೋಪುರ. ನನ್ನ ಕಣ್ಣು ತುಂಬಿತು. ಎರಡೂವರೆ ತಿಂಗಳು ಹಸಿದು ಮಲಗಿದ ಮಗು ಮೊದಲ ಬಾರಿ ಹೊಟ್ಟೆ ತುಂಬಾ ಉಂಡಿದೆ. ಕೂಡಲೇ ಇನ್ನೂ ಹತ್ತು ಜನರಿಗೆ ಫೋನ್ ಮಾಡಿ ಊಟಕ್ಕೆ ಕರೆದೆ. ಆಮೇಲೆ ಎರಡನೆಯ ಬಕೆಟನ್ನೂ ಉಣಿಸಿದೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆಳಗಿನಿಂದ ಬೀಜಿಯ ದನಿ ಕೇಳಿತು. ನಾನು ತಾರಸಿಗೆ ಓಡಿದೆ. ಟ್ಯಾಂಕು ಉಕ್ಕಿತ್ತು. ಬೂದುಬಣ್ಣದ ನೊರೆ ಎರಡೂ ಟ್ಯಾಂಕಿನ ಸಂದಿಯಿಂದ ಎದ್ದು, ಅಂಚು ದಾಟಿ, ಕರಿಬೇವಿನ ಕುಂಡವನ್ನು ಸುತ್ತಿ, ನೀರು ಹೋಗುವ ತೂತನ್ನು ಹುಡುಕಿಕೊಂಡು, ಅಷ್ಟೂ ಮಹಡಿ ಇಳಿದು ಬೀಜಿಯ ಅಂಗಳ ಸೇರಿತ್ತು. ಒಂದು ತೊಟ್ಟಲ್ಲ. ಅಲ್ಲಿ ಅವರು ಮಂಚದ ಮೇಲೆ ನಮ್ಮ ಸಂಡಿಗೆಯಂಥ ಉದ್ದಿನ ವಡಿ ಒಣಗಲು ಹಾಕಿದ್ದರು. ನಮ್ಮ ಉದ್ದು ಹೋಗಿ ಅವರ ಉದ್ದನ್ನು ಸೇರಿತ್ತು. ವಾಸನೆಯ ವಿಷಯ ಬರೆಯುವುದಿಲ್ಲ. ಈ ಬರಹವನ್ನು ಕೆಲವರು ಊಟ ಮಾಡುತ್ತಾ ಓದಬಹುದು.

"ಇಪ್ಪತ್ತೈದು ಜನ ಬರ್ತಿದ್ದಾರೆ ಬೀಜಿ, ಸಂಜೆವರೆಗೆ ಟೈಮ್ ಕೊಡಿ," ಎಂದು ಕೈಮುಗಿದೆ. ಬೀಜಿ ಮೂಗಿಗೆ ದುಪಟ್ಟಾ ಹಿಡಿದು ತಲೆಯಾಡಿಸಿದರು. ಏಕನಾಥರು ಪೊರಕೆ ಹಿಡಿದು ಅಂಗಳ ತೊಳೆದರು. ಏನಾಯಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಳಟ್ಯಾಂಕು ಇನ್ನೂ ಎದ್ದೇ ನಿಂತಿತ್ತಲ್ಲ, ಗ್ಯಾಸಿಗೇನೂ ಕೊರತೆಯಿಲ್ಲ ಎಂಬ ಭರವಸೆ ನನ್ನದು.

ಹನ್ನೊಂದಕ್ಕೆ ಈಶ್ವರಪ್ಪನವರು ಬಂದರು. ತೆಳ್ಳಗಿನ ಮನುಷ್ಯ, ಮಾತೂ ತೆಳು. ಅವರ ಹಿಂದೆ ಧಾರಿಣಿ, ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡು. ಅಡಿಗೆಮನೆಯ ಬಾಗಿಲಲ್ಲಿ, ನಡುಮನೆಯಲ್ಲಿ, ಮೆಟ್ಟಿಲ ಮೇಲೆ ನಮ್ಮ ಅತಿಥಿಗಳು. ಪಾಯಸದ ಪಾತ್ರೆ ಒಲೆಯ ಮೇಲೆ ಸಿದ್ಧವಾಗಿತ್ತು. ನಾನು ದೇವರನ್ನು ನೆನೆದು ಗ್ಯಾಸ್ ತಿರುಗಿಸಿ, ಕಡ್ಡಿ ಗೀರಿ ಹಿಡಿದೆ.

ಕಡ್ಡಿ ಆರಿತು.

ಇನ್ನೊಂದು ಗೀರಿದೆ. ಅದೂ ಆರಿತು. ಗಾಳಿ ಇರಬೇಕೆಂದು ಕಿಟಕಿ ಮುಚ್ಚಿಸಿದೆ. ಫ್ಯಾನು ನಿಲ್ಲಿಸಿದೆ. ಇಪ್ಪತ್ತೈದು ಜನರಿಗೆ ಉಸಿರು ಬಿಗಿಹಿಡಿಯಲು ಹೇಳಿದೆ. ಗ್ಯಾಸು ಬುಸುಬುಸು ಬರುತ್ತಲೇ ಇತ್ತು, ಬಂದು ಕಡ್ಡಿಯನ್ನು ಊದಿ ಆರಿಸುತ್ತಿತ್ತು. ಪ್ರಪಂಚದಲ್ಲಿ ಬೆಂಕಿ ಆರಿಸುವ ಅಡಿಗೆ ಗ್ಯಾಸನ್ನು ಕಂಡುಹಿಡಿದ ಮೊದಲ ಹೆಂಗಸು ನಾನೇ ಇರಬೇಕು.

"ಫೈರ್ ಬ್ರಿಗೇಡ್‌ನವರಿಗೆ ಮಾರಬಹುದು," ಎಂದು ಏಕನಾಥರು ಮೆಲ್ಲಗೆ ಹೇಳಿದರು.

ಬೆಂಕಿಪೊಟ್ಟಣ ಖಾಲಿಯಾಯಿತು. ಈಶ್ವರಪ್ಪನವರು ನಮ್ಮನ್ನೆಲ್ಲ ಹಿಂದಿಟ್ಟುಕೊಂಡು ತಾರಸಿಗೆ ಹೋಗಿ, ಟ್ಯಾಂಕಿನ ನೀರಿಗೆ ಒಂದು ಕಾಗದದ ಚೂರು ಅದ್ದಿ, ಅದರ ಬಣ್ಣ ನೋಡಿದರು.

"ಆಸಿಡ್," ಎಂದರು. "ಜೀವಿಗಳಿಗೆ ಅಜೀರ್ಣ. ಬರ್ತಿರೋದು ಬರೀ ಕಾರ್ಬನ್ ಡೈಆಕ್ಸೈಡ್, ಅದು ಉರಿಯಲ್ಲ. ಧಾರಿಣಿ, ದಿನಕ್ಕೆ ಎಷ್ಟು ಹಾಕಿಸಿದ್ರಿ?"

"ಒಂದೇ ಮಗ್ ಸರ್. ಅದೇ ಬರೆದಿದೀನಿ ನೋಡಿ."

"ಒಂದು ಮಗ್‌ಗೇ ಈ ಗತಿ ಅಂದ್ರೆ ನಿಮ್ಮ ಲೆಕ್ಕ ತಪ್ಪು. ನಾಲ್ಕಕ್ಕೆ ನಾಲ್ಕೂ ಹೋಗಿದೆ. ಇದನ್ನ ಇಲ್ಲಿಗೆ ನಿಲ್ಲಿಸೋಣ."

"ಸರಿ ಸರ್," ಎಂದಳು ಧಾರಿಣಿ. ಜಗಳವಾಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ಕು ಮುಚ್ಚಿ, ಅದರ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಸುತ್ತಿದಳು.

ನಾನು ಆಗಲೂ ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಮುಂದೆ ಇಪ್ಪತ್ತೈದು ಜನ, ಪಕ್ಕದಲ್ಲಿ ಗಂಡ, ಕೆಳಗೆ ಬೀಜಿ. ಆದರೆ ಆ ಹುಡುಗಿ ರಬ್ಬರ್ ಬ್ಯಾಂಡಿಗೆ ಮೂರನೇ ಸುತ್ತು ಹಾಕಲು ಹೋದಾಗ ನನ್ನ ಬಾಯಿ ತೆರೆಯಿತು.

"ಲೆಕ್ಕ ಸರಿ ಇದೆ ಸರ್. ನಾನು ಎರಡು ಬಕೆಟ್ ದೋಸೆಹಿಟ್ಟು ಹಾಕಿದೆ."

ಅವರು ಕಾಗದದ ಚೂರನ್ನು ಇನ್ನೊಮ್ಮೆ ನೋಡಿದರು.

"ಎರಡು ಬಕೆಟ್," ಎಂದರು ಈಶ್ವರಪ್ಪ.

"ಹುಳಿ ಬಂದಿತ್ತು ಸರ್. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಅದಕ್ಕೂ ಹಸಿವಾಗಿತ್ತು."

"ಯಾವುದಕ್ಕೆ?"

"ಟ್ಯಾಂಕಿಗೆ."

ಏಕನಾಥರು ಹಣೆ ಮುಟ್ಟಿಕೊಂಡರು. "ಸರ್, ನನ್ನ ಮದುವೆಯಾದ ವರ್ಷ ನಾನು ಐವತ್ತೆರಡು ಕೇಜಿ ಇದ್ದೆ. ಈಗ ನೋಡಿ. ಈ ಟ್ಯಾಂಕಿನ ಕಷ್ಟ ನನಗೆ ಅರ್ಥ ಆಗುತ್ತೆ."

ಈಶ್ವರಪ್ಪನವರ ಮುಖದಲ್ಲಿ ಅವತ್ತು ಮೊದಲ ಬಾರಿ ಏನೋ ಅಲುಗಿತು. ಅವರು ಧಾರಿಣಿಯ ಕಡೆ ತಿರುಗಿ, "ಉಳಿದ ಮೂರು ಮನೆಗೂ ಈಗಲೇ ಫೋನ್ ಮಾಡಿ. ನಿಜ ಹೇಳಿ ಅಂತ ಕೇಳಿ," ಎಂದರು.

ಮಾಡಿದಳು. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದ ಅಧಿಕಾರಿಯ ಹೆಂಡತಿ ಮೊದಲು ಏನೂ ಇಲ್ಲ ಎಂದರು. ಆಮೇಲೆ ಮೊಮ್ಮಗನ ನಾಮಕರಣದಲ್ಲಿ ಒಂದು ಕೊಳದಪ್ಪಲೆ ಬಿಸಿಬೇಳೆಬಾತ್ ಉಳಿದಿತ್ತು ಎಂದರು. ಘಾಜಿಯಾಬಾದಿನವರು ಒಂದು ಕುಕ್ಕರ್ ರಾಜ್ಮಾ ಒಪ್ಪಿಕೊಂಡರು. ಮೂರನೆಯವರು ಸಿಟ್ಟಾದರು. ಮಂದಿರದ ಹಲ್ವಾ, ಪ್ರಸಾದ, ಬೀದಿಗೆ ಎಸೆಯಬೇಕಿತ್ತೇ ಎಂದು ಅವಳನ್ನೇ ಕೇಳಿದರು.

ಈಶ್ವರಪ್ಪನವರು ತಾರಸಿಯ ಕಟ್ಟೆಯ ಮೇಲೆ ಕೂತುಬಿಟ್ಟರು. "ಎರಡು ವರ್ಷ ನಾವು ಜೀವಿಗಳನ್ನ ಸ್ಟಡಿ ಮಾಡಿದ್ವಿ," ಎಂದರು. "ಉಣಿಸೋರನ್ನ ಸ್ಟಡಿ ಮಾಡ್ಬೇಕಿತ್ತು. ಧಾರಿಣಿ, ಆ ರಬ್ಬರ್ ಬ್ಯಾಂಡ್ ತೆಗೀರಿ. ಪ್ರಾಜೆಕ್ಟ್ ಮುಂದುವರಿಸಿ."

ಅವಳು ಎಳೆದ ರಭಸಕ್ಕೆ ರಬ್ಬರ್ ಬ್ಯಾಂಡು ಹಾರಿ ಕರಿಬೇವಿನ ಕುಂಡಕ್ಕೆ ಬಿತ್ತು. ಹೆಕ್ಕಿಕೊಡುವ ನೆಪದಲ್ಲಿ ನಾನು ಕಣ್ಣು ಒರೆಸಿಕೊಂಡೆ.

"ಇದಕ್ಕೆ ಔಷಧ ಏನು ಸರ್?" ಎಂದು ಕೇಳಿದೆ.

"ಸ್ವಲ್ಪ ಸುಣ್ಣದ ನೀರು. ಆಮೇಲೆ ಹದಿನೈದು ದಿನ ಏನೂ ಹಾಕಬಾರದು."

"ಉಪವಾಸವಾ?"

"ಉಪವಾಸ. ಸುಣ್ಣ ಎಷ್ಟು ಅಂತ ಧಾರಿಣಿ ಹೇಳ್ತಾರೆ. ನೀವು ಹಾಕಬೇಡಿ."

ಏಕಾದಶಿಗೆ ನೀರೂ ಮುಟ್ಟದವಳು ನಾನು. ಉಪವಾಸದ ಮಹಿಮೆಯನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ನನ್ನ ಹೊಟ್ಟೆಗೆ ಹಾಕಿದ ಕಟ್ಟನ್ನು ಇನ್ನೊಬ್ಬರ ಹೊಟ್ಟೆಗೆ ಹಾಕಲು ಮಾತ್ರ ನನಗೆ ಎಂದೂ ಬಂದಿರಲಿಲ್ಲ.

ಅವತ್ತಿನ ಪಾಯಸ ಹೋಟೆಲಿನ ಸಿಲಿಂಡರಿನ ಮೇಲೆ ಬೆಂದಿತು. ಬೀಜಿಗೆ ನಾನು ಉದ್ದು ನೆನೆಸಿ, ರುಬ್ಬಿ, ಎರಡು ಮಂಚದ ತುಂಬಾ ಹೊಸ ವಡಿ ಇಟ್ಟುಕೊಟ್ಟೆ. ಅವರು ಒಂದು ಮಂಚದಷ್ಟು ಮಾತ್ರ ಕೇಳಿದ್ದರು. ಟ್ಯಾಂಕಿಗೆ ಕ್ಷಮೆ ಸಿಕ್ಕಿತು. ಹದಿನೈದು ದಿನ ನಾನು ತಾರಸಿಗೆ ಬರಿಗೈಯಲ್ಲಿ ಹೋಗಿ, ಅದರ ಮುಖ ನೋಡಲಾಗದೆ ಬಟ್ಟೆ ಒಣಹಾಕಿ ಇಳಿದು ಬರುತ್ತಿದ್ದೆ. ಹದಿನಾರನೆಯ ದಿನ ಒಂದು ಮಗ್. ಒಂದು ವಾರಕ್ಕೆ ನೀಲಿ ಬೆಂಕಿ ಮತ್ತೆ ಬಂತು.

ಅಕ್ಟೋಬರ್ ಕೊನೆಗೆ ಧಾರಿಣಿ ಟ್ಯಾಂಕಿಗೆ ಹೊಸ ಬಾಯಿ ಕೂರಿಸಿದಳು. ಮೊರದಗಲದ ಬಾಯಿ ಹೋಗಿ ಮಕ್ಕಳ ಬಳೆಯಷ್ಟು ಸಣ್ಣ ಕೊಳವೆ ಬಂತು. ಅದರಲ್ಲಿ ಒಂದು ಮಗ್ ಇಳಿಯಲು ಹತ್ತು ನಿಮಿಷ ಹಿಡಿಯುತ್ತದೆ. ಬಕೆಟ್ ಇಳಿಸಬೇಕೆಂದರೆ ಹೋಟೆಲು ಮುಚ್ಚಿ ನಿಲ್ಲಬೇಕು. ವಾರದ ನಂತರ ಅವಳು ಮತ್ತೆ ಬಂದಳು. ಮೊಸರನ್ನವನ್ನು ಪೂರ್ತಿ ತಿಂದಳು.

"ಆಂಟಿ, ಸರ್ ಒಂದು ಮಾತು ಹೇಳಿದ್ದಾರೆ. ಇನ್ನು ಮೇಲೆ ನಮ್ಮ ಎಲ್ಲಾ ಟ್ಯಾಂಕಿಗೂ ಇದೇ ಬಾಯಿ. ಇದಕ್ಕೆ ನಿಮ್ಮ ಹೆಸರಿಡೋಣ ಅಂತ. ಚಂದ್ರಪ್ರಭಾ ಮಾದರಿ. ವರದೀಲಿ ಅಚ್ಚಾಗುತ್ತೆ."

"ಇಷ್ಟು ಸಣ್ಣ ಬಾಯಿಗೆ ಇವಳ ಹೆಸರಾ?" ಎಂದರು ಏಕನಾಥರು. ಸ್ವಲ್ಪ ಯೋಚಿಸಿ, "ಇಲ್ಲ, ಸರಿಯಾಗೇ ಇದೆ. ಇವಳ ಬಾಯಿ ಯಾವತ್ತೂ ಸಣ್ಣದೇ. ಕೈ ದೊಡ್ಡದು," ಎಂದರು.

"ಮಮ್ಮಿ ಫೇಮಸ್ ಹೋ ಗಯೀ," ಎಂದಳು ಶ್ರಾವ್ಯಾ.

ಏಳನೇ ಕ್ಲಾಸಿನವಳ ಹೆಸರು ವಿಜ್ಞಾನದ ಪುಸ್ತಕದಲ್ಲಿ. ಆಸೆಯಾಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಒಂದು ಕ್ಷಣ ಕಣ್ಣು ಮುಚ್ಚಿದೆ.

"ಬೇಡಮ್ಮ," ಎಂದೆ.

"ಯಾಕೆ ಆಂಟಿ? ನಿಮ್ಮಿಂದಾನೇ ಅಲ್ವಾ ಇದು ಆಗಿದ್ದು?"

"ಅದಕ್ಕೇ ಬೇಡ. ಕೆಳಗೆ ಆ ಕೊಳವೆಗೆ ಹಿಡಿಸೋ ಹಾಗೆ ಸಣ್ಣದಾಗಿ, ಮೇಲೆ ಬಕೆಟ್ ಹಿಡಿಸೋ ಹಾಗೆ ದೊಡ್ಡದಾಗಿ ಇರೋ ಆಲಿಕೆ ಸಿಗುತ್ತಾ ಅಂತ ನಿನ್ನೆ ತಾನೇ ಮೂರು ಪಾತ್ರೆ ಅಂಗಡೀಲಿ ಕೇಳಿಕೊಂಡು ಬಂದೆ."